ತನಗೆ ತಾನೇ ಸಾಕ್ಷಿಯಾಗಬಹುದೇ?

ಗಣಕಯಂತ್ರದ ಹಾರ್ಡ್ ಡಿಸ್ಕನ್ನು ಮುಟ್ಟದೆ, ಸಿ.ಡಿ. ಅಥವಾ ಪೆನ್ ಡ್ರೈವ್‌ನಿಂದಲೇ ನಡೆಯುವ ಕಾರ್ಯಾಚರಣ ವ್ಯವಸ್ಥೆಗೆ ‘ಲೈವ್’ ವ್ಯವಸ್ಥೆ ಎನ್ನುತ್ತಾರೆ. ಜರ್ಮನಿಯ ಕ್ಲೌಸ್ ಕ್ನಾಪರ್ ಅವರ ಕ್ನಾಪಿಕ್ಸ್ ಇದಕ್ಕೆ ಪ್ರಸಿದ್ಧ ನಿದರ್ಶನ. ತಂತ್ರಾಂಶ ರಚಿಸುವವನು ತನಗೆ ಬೇಕಾದ ಉಪಕರಣಗಳನ್ನು ಸೇರಿಸಿ, ಇಂಥ ವ್ಯವಸ್ಥೆಯಿಂದಲೇ ಅದರ ಹೊಸ ಆವೃತ್ತಿಯನ್ನು ಕಟ್ಟಿ ಇತರರಿಗೆ ಹಂಚಬಲ್ಲನು.

ಹಂಚುವಾಗ ಒಂದು ನೈತಿಕ ಪ್ರಶ್ನೆ ಏಳುತ್ತದೆ. ತಂತ್ರಾಂಶದ ಮೂಲಪಾಠವನ್ನು ತೆರೆದು ತೋರಿದರೆ ಕೊಡುವವನ ಹೊಣೆ ಮುಗಿಯಿತೇ? ಮುಗಿಯದೆಂಬುದು ಕೆನ್ ಥಾಂಪ್ಸನ್ ಅವರ, 1984ರಲ್ಲಿ ಪ್ರಕಟವಾದ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಿಂದ ಸ್ಪಷ್ಟವಾಗುತ್ತದೆ. ಮೂಲಪಾಠವನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ನೊಳಗೆ ವಂಚನೆಯೊಂದು ಹೊಕ್ಕರೆ, ಅದು ತನ್ನನ್ನು ತಾನು ಪುನಃ ಕಟ್ಟಿಕೊಳ್ಳುವಾಗಲೆಲ್ಲ ಆ ವಂಚನೆಯನ್ನೂ ಮುಂದಕ್ಕೆ ಒಯ್ಯಬಲ್ಲದು. ಮೂಲಪಾಠದಲ್ಲಿ ಅದರ ಸುಳಿವೂ ಇರದು.

ಆದಕಾರಣ ಪುನರ್ನಿರ್ಮಾಣ ಮಾತ್ರದಿಂದ ಪರಿಶುದ್ಧಿ ಸಿದ್ಧಿಸದು. 2023ರಲ್ಲಿ ಗೀಕ್ಸ್ ಯೋಜನೆಯವರು ಕಂಪೈಲರ್‌ಗಳ ಸರಣಿಯ ಆರಂಭಬೀಜವನ್ನು 357 ಬೈಟುಗಳಿಗೆ ಇಳಿಸಿದರು. ಅಷ್ಟನ್ನು ಮನುಷ್ಯನೊಬ್ಬನು ಓದಿ ಪರೀಕ್ಷಿಸಬಲ್ಲನು. ನಿರ್ಮಾಣದ ಕ್ರಮವನ್ನೂ ಒದಗಿಸಿ, ಬೇರೊಬ್ಬನು ಬೇರೆ ಯಂತ್ರದಲ್ಲಿ ಕಟ್ಟಿ ಹೋಲಿಸಿ ನೋಡಲು ಅವಕಾಶವೀಯುವುದು ಹಂಚುವವನ ಕರ್ತವ್ಯ. ಪ್ರಾಮಾಣಿಕನೂ ತನ್ನ ಲೆಕ್ಕವನ್ನು ಪರರ ಪರಿಶೋಧನೆಗೆ ಒಪ್ಪಿಸಿಯೇ ವಿಶ್ವಾಸವನ್ನು ಗಳಿಸಬೇಕಲ್ಲವೇ?