ಭ್ರೂಣವಿಷಯದಲ್ಲಿ ಸೀಮಾವಿಚಾರ

ಒಂದು ವಸ್ತುವಿನ ಸ್ವರೂಪವು ನಿಶ್ಚಿತವಾಗದಿರುವಾಗ ಅದರ ವಿಷಯದಲ್ಲಿ ನಡೆಯತಕ್ಕ ರೀತಿ ಯಾವುದು? ಮನುಷ್ಯಭ್ರೂಣದಿಂದ ಆಕರಕೋಶಗಳನ್ನು ತೆಗೆಯುವ ವಿಷಯವಾಗಿ ಪಂಡಿತರೂ ರಾಜಕಾರಣಿಗಳೂ ನಡೆಯಿಸುತ್ತಿರುವ ವಾದವೆಲ್ಲವೂ ಕಡೆಗೆ ಈ ಒಂದು ಪ್ರಶ್ನೆಗೆ ಬಂದು ನಿಲ್ಲುವುದು.

ಸ್ಟೆಮ್ ಸೆಲ್ ಎಂದು ವೈದ್ಯರು ಕರೆಯುವ ಈ ಕೋಶಗಳು ಶರೀರದ ಸಕಲ ಧಾತುಗಳಿಗೂ ಬೀಜಪ್ರಾಯವಾದುವು. ಸಂತಾನಹೀನರ ಚಿಕಿತ್ಸೆಗಾಗಿ ಗಾಜಿನ ಪಾತ್ರೆಯಲ್ಲಿ ಭ್ರೂಣಗಳನ್ನು ಬೆಳೆಯಿಸುವಾಗ ಕೆಲವು ಮಿಗುವುವು. ಐದಾರು ದಿನಗಳ ಅಂತಹ ಭ್ರೂಣವು ಸಾಸಿವೆಕಾಳಿಗಿಂತಲೂ ಚಿಕ್ಕದು. ಅದರೊಳಗಣ ಕೋಶಗಳನ್ನು ತೆಗೆದು ಪೋಷಿಸುವ ವಿಧಾನವನ್ನು 1998ರಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಜೇಮ್ಸ್ ಥಾಮ್ಸನ್ನರು ಸಾಧಿಸಿದರು. ಕೋಶಗಳನ್ನು ತೆಗೆದರೆ ಭ್ರೂಣವು ನಾಶವಾಗುವುದು. ವಿವಾದದ ಮೂಲವು ಇದೇ.

2001ನೆಯ ಆಗಸ್ಟ್ 9ರಂದು ಅಧ್ಯಕ್ಷ ಜಾರ್ಜ್ ಬುಷ್ಷರು, ಆ ದಿನಕ್ಕೆ ಮೊದಲೇ ಸಿದ್ಧವಾಗಿದ್ದ ಕೋಶಸಂತತಿಗಳಿಗೆ ಮಾತ್ರ ತಮ್ಮ ಕೇಂದ್ರಸರಕಾರದ ಧನಸಹಾಯವೆಂದು ವಿಧಿಸಿದರು. ಆಗ ಪ್ರಕಟವಾದ ಪಟ್ಟಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೂರು ಸಂತತಿಗಳಿದ್ದುವು. 2009ರಲ್ಲಿ ಅಧ್ಯಕ್ಷ ಒಬಾಮರು ಆ ನಿರ್ಬಂಧವನ್ನು ತೆಗೆದರು. ಅದೇ ವರ್ಷ ಬೆಂಗಳೂರಿನ ಜವಾಹರಲಾಲ್ ನೆಹರೂ ವಿಜ್ಞಾನಕೇಂದ್ರದ ಮನೀಷಾ ಇನಾಮದಾರರೂ ಅವರ ಸಹಕಾರಿಗಳೂ, ಗರ್ಭದಲ್ಲಿರಿಸಲು ಯೋಗ್ಯವಲ್ಲವೆಂದು ತ್ಯಜಿಸಲ್ಪಟ್ಟ ಭ್ರೂಣಗಳಿಂದ ಎರಡು ಸಂತತಿಗಳನ್ನು ಪಡೆದುದನ್ನು ಪ್ರಕಟಿಸಿದರು. ಆದುದರಿಂದ ಇದು ದೂರದೇಶದ ಜಗಳವೆಂದು ಕನ್ನಡಿಗರು ಉದಾಸೀನರಾಗಿರಲಾಗದು.

ಭ್ರೂಣವು ಪೂರ್ಣವ್ಯಕ್ತಿಯೇ ಎಂಬುದು ಒಂದು ಪಕ್ಷ. ಬರಿಯ ಕೋಶರಾಶಿಯೆಂಬುದು ಮತ್ತೊಂದು. ಶಾಸ್ತ್ರವನ್ನು ಕೇಳೋಣವೆಂದರೆ ಅಲ್ಲಿಯೂ ಏಕವಾಕ್ಯತೆಯಿಲ್ಲ. ಚರಕಸಂಹಿತೆಯು ಶುಕ್ರ, ಶೋಣಿತ, ಜೀವ ಈ ಮೂರೂ ಕುಕ್ಷಿಯಲ್ಲಿ ಕೂಡಿದಾಗ ಗರ್ಭವೆಂಬ ಸಂಜ್ಞೆಯನ್ನು ಕೊಡುವುದು. ಗಾಜಿನ ಪಾತ್ರೆಯೂ ಕುಕ್ಷಿಯೆನಿಸುವುದೇ ಎಂಬ ಸಂದೇಹವು ಆ ಕಾಲದಲ್ಲಿ ಹುಟ್ಟುವಂತಿರಲಿಲ್ಲ. ಸುಶ್ರುತಸಂಹಿತೆಯು, ನಾಲ್ಕನೆಯ ತಿಂಗಳಲ್ಲಿ ಹೃದಯದೊಡನೆ ಚೇತನವೂ ವ್ಯಕ್ತವಾಗುವುದೆನ್ನುವುದು. ಇಸ್ಲಾಮಿನ ಧರ್ಮಜ್ಞರಲ್ಲಿ ಬಹುಮಂದಿ 120 ದಿನಗಳ ತರುವಾಯ ಆತ್ಮಪ್ರವೇಶವನ್ನು ಹೇಳುವರು. ರೋಮಿನ ಕ್ಯಾಥೊಲಿಕ ಪೀಠವಾದರೋ ಮೊದಲ ಕ್ಷಣದಿಂದಲೇ ಭ್ರೂಣವನ್ನು ವ್ಯಕ್ತಿಯಂತೆ ಗೌರವಿಸತಕ್ಕದ್ದೆನ್ನುವುದು.

ಇಂತಹ ಸಂದೇಹಸ್ಥಾನದಲ್ಲಿ, ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಪ್ರಸಿದ್ಧನಾದ ವಿಜ್ಞಾನೇಶ್ವರನ ಕ್ರಮವು ಮಾರ್ಗದರ್ಶಕವಾಗಿದೆ. ಮೃತನಾದ ಸೋದರನ ಪತ್ನಿಯು ಗರ್ಭಿಣಿಯೆಂಬುದು ಸ್ಪಷ್ಟವಾಗಿದ್ದರೆ ಪ್ರಸವದವರೆಗೆ ಕಾದು ಅನಂತರ ಪಾಲು ಮಾಡತಕ್ಕದ್ದೆಂದು ಅವನ ಮಿತಾಕ್ಷರೆಯು ಹೇಳುವುದು. ಸ್ವತ್ವವು ಜನ್ಮದಿಂದಲೇ, ಆದರೂ ಜನಿಸದವನನ್ನು ಇಲ್ಲವೆಂದು ಎಣಿಸಕೂಡದು. ಗರ್ಭಸ್ಥನು ಪೂರ್ಣವ್ಯಕ್ತಿಯೋ ಅಲ್ಲವೋ ಎಂಬ ತತ್ತ್ವವನ್ನು ಅವನು ಅಲ್ಲಿ ನಿರ್ಣಯಿಸಲಿಲ್ಲ. ಬದುಕಿರುವವರು ತಮ್ಮ ಕೈಯನ್ನು ಎಲ್ಲಿ ತಡೆಯಬೇಕೆಂಬುದನ್ನು ನಿರ್ಣಯಿಸಿದನು.

ಮಿಕ್ಕ ಭ್ರೂಣಕ್ಕೆ ಪ್ರಸವವೇ ಇಲ್ಲವಷ್ಟೆ, ಕಾಯುವುದೇತಕ್ಕೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಭಾರತದ 2021ರ ಕಾಯಿದೆಯ ಮೇರೆಗೆ, ಶೇಖರಿಸಿದ ಭ್ರೂಣವನ್ನು 10 ವರ್ಷಗಳಿಗಿಂತ ಹೆಚ್ಚು ಇಡಲಾಗದು; ಆಮೇಲೆ ಅದು ನಶಿಸಬೇಕು, ಇಲ್ಲವೆ ದಂಪತಿಗಳ ಸಮ್ಮತಿಯಿಂದ ಸಂಶೋಧನೆಗೆ ಸಲ್ಲಬೇಕು. ಹೇಗೂ ನಶಿಸತಕ್ಕದ್ದು ರೋಗಿಯೊಬ್ಬನ ಹಿತಕ್ಕೆ ಒದಗುವುದಾದರೆ ಅದನ್ನು ತಡೆಯುವುದು ದಯೆಯೆನಿಸದು. ಆದರೆ ಉಪಯೋಗವು ಸಮ್ಮತವೆಂದಮಾತ್ರಕ್ಕೆ ಅದು ನಿರವಧಿಕವಾಗಲಾರದು. ದೃಷ್ಟಾಂತದಲ್ಲಿ ಗ್ರಾಹ್ಯವಾದ ಅಂಶವು ಸಂಯಮ.

ಆ ಸಂಯಮದ ಗುರುತೇ ಹದಿನಾಲ್ಕು ದಿನಗಳ ಮೇರೆ. ಇಂಗ್ಲೆಂಡಿನ ವಾರ್ನಾಕ್ ಸಮಿತಿಯು 1984ರಲ್ಲಿ ಇದನ್ನು ಸೂಚಿಸಿತು. ಭಾರತದ 2017ರ ರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನು ಅಂಗೀಕರಿಸಿದೆ. ಸುಮಾರು ಆ ದಿನದಲ್ಲಿ ಭ್ರೂಣದ ಮೇಲೆ ಶರೀರರಚನೆಯ ಮೊದಲ ರೇಖೆಯು ಮೂಡುವುದು. ಹದಿಮೂರನೆಯ ದಿನಕ್ಕೂ ಹದಿನೈದನೆಯ ದಿನಕ್ಕೂ ಅಷ್ಟು ಭೇದವೆಲ್ಲಿಯದೆಂದು ತಾರ್ಕಿಕರು ನಗುವರು. ಆಳಂದ, ಅಫಜಲಪುರ, ಜೇವರ್ಗಿಗಳ ಎರೆಹೊಲಗಳನ್ನು ನೋಡಿದವರು ನಗಲಾರರು. ಬಾಂದುಗಲ್ಲಿನ ಈಚೆಯ ಮಣ್ಣಿಗೂ ಆಚೆಯ ಮಣ್ಣಿಗೂ ಭೇದವಿಲ್ಲ. ಒಂದೇ ಮಳೆ, ಒಂದೇ ತೊಗರಿ. ಆದರೂ ಇರುಳಿನಲ್ಲಿ ಆ ಕಲ್ಲನ್ನು ಗೇಣುದ್ದ ಸರಿಸಿದವನು ಕಳ್ಳನೇ. ಸೀಮೆಯು ಮನುಷ್ಯಕೃತವಾದುದರಿಂದ ಅದು ದುರ್ಬಲವೆಂಬುದು ಸರಿಯಲ್ಲ. ಮನುಷ್ಯಕೃತವಾದುದರಿಂದಲೇ ಅದನ್ನು ಕಾಯುವ ಭಾರವು ಮನುಷ್ಯನದು. 2021ರಲ್ಲಿ ಆಕರಕೋಶಸಂಶೋಧಕರ ಅಂತರರಾಷ್ಟ್ರೀಯ ಸಂಘವು ಈ ಮೇರೆಯನ್ನು ಸಡಿಲಿಸಿ, ಪ್ರತಿಯೊಂದು ಪ್ರಯೋಗವನ್ನೂ ಪ್ರತ್ಯೇಕವಾಗಿ ವಿಮರ್ಶಿಸಬಹುದೆಂದಿತು. ಕಲ್ಲನ್ನು ಎಂದಿಗೂ ಸರಿಸಬಾರದೆಂದಲ್ಲ. ಸರಿಸುವುದಾದರೆ ಹಗಲಿನಲ್ಲಿ, ನಾಲ್ವರ ಮುಂದೆ, ಕಾರಣವನ್ನು ಹೇಳಿ ಸರಿಸತಕ್ಕದ್ದು. ಆ ನಾಲ್ವರಲ್ಲಿ ಸಂಶೋಧಕರಲ್ಲದವರೂ ಇರತಕ್ಕದ್ದು.

ಭ್ರೂಣದ ಚಿಂತೆಯಲ್ಲಿ ಅದನ್ನು ಕೊಡುವವರನ್ನು ಮರೆಯುವುದು ಇನ್ನೊಂದು ದೋಷ. ಮಗುವಿನ ಆಸೆಯಿಂದ ಹೊಲವನ್ನು ಒತ್ತೆಯಿಟ್ಟು ಪಟ್ಟಣಕ್ಕೆ ಹೋದ ದಂಪತಿಗಳ ಮುಂದೆ ತಿಳಿಯದ ಭಾಷೆಯ ಕಾಗದವನ್ನಿಟ್ಟು ಹೆಬ್ಬೆಟ್ಟೊತ್ತಿಸಿಕೊಂಡರೆ, ಅದು ದಾನವಲ್ಲ, ಅಪಹಾರ. ಭ್ರೂಣದ ಕ್ರಯವಿಕ್ರಯವನ್ನು ಕಾಯಿದೆಯು ನಿಷೇಧಿಸಿದೆ. ಅಜ್ಞಾನವನ್ನು ಬಂಡವಾಳ ಮಾಡಿಕೊಳ್ಳುವುದನ್ನು ನಿಷೇಧಿಸಬೇಕಾದುದು ವೈದ್ಯನ ಅಂತಃಕರಣ. ಕೊಡುವವರು ಕನ್ನಡದಲ್ಲಿ ಕೇಳಿ, ತಿಳಿದು, ಬೇಡವೆನ್ನಲು ಸ್ವತಂತ್ರರಾಗಿದ್ದು ಕೊಟ್ಟರೆ ಮಾತ್ರ ಅದು ದಾನವೆನಿಸುವುದು.

ಜೀವವು ಎಂದು ಆರಂಭವಾಗುವುದೆಂದು ಅರಿಯದಿರುವುದು ದೋಷವಲ್ಲ. ಅರಿಯದೆ ಅರಿತವನಂತೆ ಕೈಚಾಚುವುದು ದೋಷ. ಅರಿಯೆನೆಂಬ ನೆಪದಿಂದ ರೋಗಿಯತ್ತ ಬೆನ್ನು ತಿರುಗಿಸುವುದೂ ದೋಷವೇ.