ಅರ್ಥಕ್ಕೂ ಮುಂಚಿನ ಹಾಡು

ಕರ್ನಾಟಕ ಸಂಗೀತದ ಪಾಠಕ್ಕೆ ಕೂತ ಆರು ವರ್ಷದ ಮಗುವಿಗೆ ಮೊದಲು ಸಿಗುವುದು ದೇವರ ಸ್ತುತಿಯಲ್ಲ, ಮಾಯಾಮಾಳವಗೌಳದ ಏಳು ಸ್ವರ. ಸರಳೆ, ಜಂಟಿ, ಅಲಂಕಾರ ಎಂದು ತಿಂಗಳುಗಟ್ಟಲೆ ಅದು ಹಾಡುವುದೆಲ್ಲ ನಿಘಂಟಿನಲ್ಲಿ ಅರ್ಥ ಸಿಗದ ಅಕ್ಷರಗಳನ್ನೇ. ಮಲಹರಿ ರಾಗದ ಪಿಳ್ಳಾರಿ ಗೀತೆಗಳೊಂದಿಗೆ ಸಾಹಿತ್ಯ ಬರುವುದು ಆಮೇಲೆ. ಈ ಪಾಠಕ್ರಮವನ್ನು ಸಂಪ್ರದಾಯ ಪುರಂದರದಾಸರಿಗೆ ಸಲ್ಲಿಸುತ್ತದೆ. ಸಂತೆಯಲ್ಲಿ ನಿಂತವರಿಗೂ ತಿಳಿಯುವ ಮಾತಿನಲ್ಲಿ ಹಾಡಿದ ದಾಸರ ಹೆಸರಿನ ಪಾಠ ಅರ್ಥವಿಲ್ಲದ ಸ್ವರದಿಂದ ಶುರುವಾಗುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಗೀತೆಗೆ ಬಂದ ಮೇಲೂ ಚೆನ್ನೈಯ ಮಗುವಿಗೆ, ವಿಜಯವಾಡದ ಮಗುವಿಗೆ ಅದರ ಕನ್ನಡ ತಿಳಿಯದು. ಮುಂದೆ ತ್ಯಾಗರಾಜರ ಕೃತಿಗಳಿಗೆ ಬಂದಾಗ ನಮ್ಮ ಮಕ್ಕಳಿಗೆ ಅವುಗಳ ತೆಲುಗು ತಿಳಿಯದು. ಹಾಗಿದ್ದರೆ ಮಗುವಿನ ಬಾಯಲ್ಲಿರುವ ದೇವರ ಹಾಡು ಏನು? ಭಕ್ತಿಯೇ, ಬರಿಯ ಗಿಳಿಪಾಠವೇ, ಕೇಳದೆಯೇ ಹೇರಿದ ನಂಬಿಕೆಯೇ? ಎಳೆಯ ಮಗುವಿಗೆ ನಾವು ಹಾಡಿನ ಮೂಲಕ ಕೊಡುವುದು ಮತವನ್ನಲ್ಲ, ಜೊತೆಯನ್ನು ಎಂಬುದು ನನ್ನ ವಾದ. ಅರ್ಥ ತಿಳಿಯದಿರುವುದರಿಂದ ಹಾಡಿಗೆ ಬರುವ ಊನವೇನೂ ಇಲ್ಲ. ಊನ ಬರುವುದು ಬಲವಂತದಿಂದ.

ಈ ಜಗಳ ಹಳೆಯದು. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಕೌತ್ಸನೆಂಬವನು ವಾದಿಸಿದ್ದನ್ನು ಯಾಸ್ಕ ತನ್ನ ನಿರುಕ್ತದಲ್ಲಿ ದಾಖಲಿಸಿ ಖಂಡಿಸುತ್ತಾನೆ. ಕೌತ್ಸನ ಕಾರಣಗಳಲ್ಲಿ ಒಂದು ಕುತೂಹಲದ್ದು: ಮಂತ್ರದಲ್ಲಿ ಒಂದು ಪದದ ಬದಲು ಅದೇ ಅರ್ಥದ ಇನ್ನೊಂದನ್ನು ಇಡುವಂತಿಲ್ಲ, ಪದಗಳ ಕ್ರಮವನ್ನೂ ಕದಲಿಸುವಂತಿಲ್ಲ. ಅರ್ಥವೇ ಮುಖ್ಯವಾಗಿದ್ದರೆ ಈ ಬಿಗಿ ಯಾಕೆ? ಚಿಕ್ಕ ಮಕ್ಕಳೊಂದಿಗೆ ಹಾಡುವವರಿಗೆಲ್ಲ ಈ ಬಿಗಿ ಪರಿಚಿತ. ಜೋಗುಳದಲ್ಲಿ ಒಂದು ಮಾತು ಬದಲಾದರೆ ಎರಡು ವರ್ಷದ ಮಗು ಒಪ್ಪುವುದಿಲ್ಲ, ಮೊದಲಿನಿಂದ ಹಾಡಿಸುತ್ತದೆ. ಅದು ಕಾಯುತ್ತಿರುವುದು ಸಂದೇಶವನ್ನಲ್ಲ, ಆ ದನಿ ಹೋದ ದಾರಿಯಲ್ಲೇ ಮತ್ತೆ ಹೋಗುವುದನ್ನು. ಹಾಗೆಂದು ಕೌತ್ಸನ ಮಾತನ್ನು ಪೂರ್ತಿ ಒಪ್ಪಬೇಕಿಲ್ಲ. ಸುಮಾರು ಐದನೆಯ ಶತಮಾನದ ಭರ್ತೃಹರಿ ವಾಕ್ಯಪದೀಯದಲ್ಲಿ ಇನ್ನೊಂದು ದಾರಿ ತೋರುತ್ತಾನೆ: ಶಿಶುವಿನ ನಾಲಗೆಯ ಮೊದಲ ಅಲುಗಾಟಕ್ಕೂ, ಉಸಿರಿನ ಮೊದಲ ಏರಿಗೂ ಒಳಗೆ ಅದಾಗಲೇ ಇರುವ ಶಬ್ದದ ಸಂಸ್ಕಾರ ಬೇಕು. ಅವನು ಅದನ್ನು ಹಿಂದಿನ ಜನ್ಮಕ್ಕೆ ಕಟ್ಟುತ್ತಾನೆ. ಆ ಭಾಗವನ್ನು ಒಪ್ಪದವರೂ ಅವನ ನೋಟದ ಸತ್ವವನ್ನು ಉಳಿಸಿಕೊಳ್ಳಬಹುದು. ಅರ್ಥವನ್ನು ನಾವು ಹೊರಗಿನಿಂದ ತಂದು ದನಿಗೆ ಅಂಟಿಸುವುದಿಲ್ಲ, ದನಿಯೊಳಗಿದ್ದುಕೊಂಡೇ ಅರ್ಥಕ್ಕೆ ತಲುಪುತ್ತೇವೆ.

ಪ್ರಯೋಗಗಳು ಕಂಡದ್ದೂ ಇದಕ್ಕೆ ದೂರವಲ್ಲ. 1986ರಲ್ಲಿ ಆಂಟನಿ ಡಿಕ್ಯಾಸ್ಪರ್ ಮತ್ತು ಮೆಲಾನಿ ಸ್ಪೆನ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಗರ್ಭಿಣಿಯರು ಕೊನೆಯ ವಾರಗಳಲ್ಲಿ ಒಂದೇ ಕಥೆಯನ್ನು ದಿನವೂ ಗಟ್ಟಿಯಾಗಿ ಓದಿದರು. ಹುಟ್ಟಿದ ಮಕ್ಕಳು ಹೊಸ ಕಥೆಗಿಂತ ಅದೇ ಕಥೆಯನ್ನು ಕೇಳಬಯಸಿದವು, ಓದಿದ್ದು ಬೇರೆ ಹೆಂಗಸಾದರೂ. ಒಂದು ಪದದ ಅರ್ಥವೂ ಗೊತ್ತಿಲ್ಲದ ಜೀವ ಲಯವನ್ನು ನೆನಪಿಟ್ಟುಕೊಂಡಿತ್ತು. ಲೈಪ್‌ಜಿಗ್‌ನ ಸೆಬಾಸ್ಟಿಯನ್ ಕಿರ್ಷ್ನರ್ ಮತ್ತು ಮೈಕೆಲ್ ಟೊಮಾಸೆಲ್ಲೊ 2010ರಲ್ಲಿ ತೋರಿಸಿದ್ದು ನನಗೆ ಇನ್ನೂ ಮುಖ್ಯ. ನಾಲ್ಕು ವರ್ಷದ ಮಕ್ಕಳ ಜೋಡಿಗಳಲ್ಲಿ ಕೆಲವು ಹಾಡಿ ಕುಣಿಯುತ್ತ ಆಡಿದವು, ಕೆಲವು ಅದೇ ಆಟವನ್ನು ಹಾಡಿಲ್ಲದೆ ಆಡಿದವು. ಬಳಿಕ ಜೊತೆಗಾರನಿಗೆ ನೆರವಾಗುವುದರಲ್ಲಿ ಹಾಡಿದವೇ ಮುಂದು. ಜೊತೆಗೆ ಹಾಡುವುದೆಂದರೆ ಇನ್ನೊಬ್ಬರ ಉಸಿರಿಗೆ ನಮ್ಮ ಉಸಿರನ್ನು ಹೊಂದಿಸುವುದು, ಅವರು ನಿಲ್ಲುವಲ್ಲಿ ನಿಲ್ಲುವುದು. ಮಾತಿನಲ್ಲಿ ನೀತಿಪಾಠ ಹೇಳುವ ಮೊದಲೇ ಮೈ ಕಲಿತುಬಿಡುವ ಪಾಠ ಇದು.

ಆದರೆ ಹಾಡಿಗೆ ಲಾಭದ ಲೆಕ್ಕ ಬರೆಯುವ ಚಾಳಿ ಇಲ್ಲಿಂದಲೇ ಶುರುವಾಗುತ್ತದೆ. 1993ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಸಣ್ಣ ಪ್ರಯೋಗ ಮೊಜಾರ್ಟ್ ಕೇಳಿದ ಹತ್ತು ಹದಿನೈದು ನಿಮಿಷದ ಮಟ್ಟಿಗೆ ಒಂದು ಬಗೆಯ ಒಗಟನ್ನು ಬಿಡಿಸುವ ಚುರುಕು ಏರುತ್ತದೆಂದಿತು. 1998ರ ಹೊತ್ತಿಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಮಗುವಿಗೆಲ್ಲ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಹಂಚಲು ಸರ್ಕಾರದ ಹಣ ಕೇಳಿದರು. 2013ರಲ್ಲಿ ಹಾರ್ವರ್ಡ್‌ನ ಸ್ಯಾಮ್ಯುಯೆಲ್ ಮೆಹರ್ ಮತ್ತು ಸಂಗಡಿಗರು ನಾಲ್ಕು ವರ್ಷದ ಮಕ್ಕಳಿಗೆ ಆರು ವಾರ ಸಂಗೀತ ಹೇಳಿಸಿ ನೋಡಿದಾಗ ಬುದ್ಧಿಯ ಪರೀಕ್ಷೆಗಳಲ್ಲಿ ನಂಬುವಂಥ ಲಾಭ ಕಾಣಲಿಲ್ಲ. ಇದರಿಂದ ನಿರಾಶೆಪಡಲು ಏನೂ ಇಲ್ಲ. ಗಣಿತಕ್ಕೆ ನೆರವಾಗದಿದ್ದರೆ ಜೋಗುಳ ಬೇಡ ಎನ್ನುವ ತಾಯಿ ಎಲ್ಲಿದ್ದಾಳೆ? ಪ್ರಾರ್ಥನೆಯನ್ನು ಫಲಕ್ಕಾಗಿ ಮಾಡಬಾರದೆಂದು ಹೇಳುತ್ತ ಬಂದ ನಾಡಿನಲ್ಲಿ ಹಾಡನ್ನು ಅಂಕಕ್ಕಾಗಿ ಕಲಿಸುವುದು ನನಗೆ ನೋವಿನ ವಿಷಯ.

ಇದಕ್ಕಿಂತ ತೂಕದ ಆಕ್ಷೇಪ ಬೇರೆ ಇದೆ. ಪ್ಲೇಟೊ ತನ್ನ ರಿಪಬ್ಲಿಕ್‌ನ ಮೂರನೆಯ ಭಾಗದಲ್ಲಿ, ಲಯ ಮತ್ತು ಸ್ವರ ವಿವೇಕಕ್ಕಿಂತ ಮೊದಲೇ ಆತ್ಮದ ಆಳಕ್ಕೆ ಇಳಿಯುತ್ತವೆ, ಆದ್ದರಿಂದ ಮುಂದೆ ವಿವೇಕ ಬಂದಾಗ ಮಗು ಅದನ್ನು ಹಳೆಯ ಗೆಳೆಯನಂತೆ ಗುರುತಿಸುತ್ತದೆ ಎನ್ನುತ್ತಾನೆ. ಅದೇ ಕಾರಣಕ್ಕೆ ಕೆಲವು ರಾಗಗಳನ್ನೇ ನಗರದಿಂದ ಹೊರಗಿಡುತ್ತಾನೆ. ಹಾಡು ವಿವೇಕದ ಬಾಗಿಲು ತಟ್ಟದೆ ಒಳಹೋಗುತ್ತದಾದರೆ ಒಳ್ಳೆಯದರ ಹಿಂದೆ ದ್ವೇಷವೂ ಹೋಗಬಹುದು. ಮಕ್ಕಳಿಂದ ಘೋಷಣೆ ಹಾಡಿಸಿದ ಪ್ರಭುತ್ವಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಈ ಅಪಾಯ ನಿಜ, ಅಲ್ಲಗಳೆಯಲಾರೆ. ಅರ್ಥ ತಿಳಿಯದ ವಯಸ್ಸಿಗೆ ಆಯ್ಕೆಯ ಹೊಣೆ ಪೂರ್ತಿ ದೊಡ್ಡವರದು ಎಂದೇ ಅದರ ತಾತ್ಪರ್ಯ. ಆದರೆ ಎಲ್ಲ ದೇವರ ಹಾಡುಗಳನ್ನೂ ದೂರವಿಟ್ಟು, ಮಗು ದೊಡ್ಡದಾಗಿ ತಾನೇ ಆರಿಸಿಕೊಳ್ಳಲಿ ಎನ್ನುವವರು ಒಂದನ್ನು ಮರೆಯುತ್ತಾರೆ. ಯಾವ ಹಾಡೂ ಕಿವಿಗೆ ಬೀಳದ ಮಗುವಿಗೆ ಮುಂದೆ ಆರಿಸಲು ಏನಿರುತ್ತದೆ? ಯಾವ ಮಾತೃಭಾಷೆಯನ್ನೂ ಕೊಡದೆ ಬೆಳೆಸಿ, ಆಮೇಲೆ ಭಾಷೆ ಆರಿಸಿಕೋ ಎಂದಂತೆ ಅದು. ದಾಸರ ಪದದ ಜೊತೆಗೆ ಶಿಶುನಾಳ ಶರೀಫರ ಪದ, ಮೊಹರಂ ಪದ, ಕ್ರಿಸ್ಮಸ್ ಹಾಡು, ಕೋಲಾಟದ ಹಾಡು ಕಿವಿಗೆ ಬಿದ್ದ ಮಗು ಯಾವ ಮತಕ್ಕೂ ಸೇರಿಬಿಡುವುದಿಲ್ಲ. ಅಷ್ಟು ಬಗೆಯ ಜನರೊಂದಿಗೆ ಅದು ಉಸಿರು ಹಂಚಿಕೊಂಡಿರುತ್ತದೆ. ಯಾಸ್ಕನೇ ಎತ್ತಿಕೊಳ್ಳುವ ಹೋಲಿಕೆಯೊಂದಿದೆ: ಅರ್ಥ ತಿಳಿಯದೆ ವೇದ ಕಲಿತವನು ಹೊರೆ ಹೊತ್ತ ಕಂಬ. ಜೀವಮಾನವಿಡೀ ಅರ್ಥ ಕೇಳದವನಿಗೆ ಆ ಮಾತು ಸಲ್ಲುತ್ತದೆ, ನಾಲ್ಕು ವರ್ಷದವರಿಗಲ್ಲ. ಕೇಳುವ ವಯಸ್ಸು ಬಂದಾಗ ಉತ್ತರಿಸಬೇಕು, ಪ್ರಶ್ನೆಯನ್ನು ಅಪಚಾರವೆನ್ನಬಾರದು.

ಜೊತೆ ಕೊಡುವುದೇ ಹಾಡಿನ ಕೆಲಸವಾದರೆ, ಬಲವಂತದಿಂದ ಹಾಡಿಸಿದ ಕ್ಷಣವೇ ಅದು ಕೆಡುತ್ತದೆ. ಸರ್ಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸಬಾರದೆಂದು ನಮ್ಮ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದಿತು. ಅವರು ಬೆಳೆದ ಮಕ್ಕಳು, ಕಾರಣ ಬಲ್ಲವರು. ಅಂಗನವಾಡಿಯ ಸುತ್ತಿನಲ್ಲಿ ಬಾಯಿ ಬಿಗಿದು ಕೂತ ಮೂರು ವರ್ಷದ ಮಗುವಿಗೆ ಹೇಳಲು ಕಾರಣವೇ ಇರುವುದಿಲ್ಲ. ಅದರ ಗಲ್ಲ ಹಿಡಿದು ಹಾಡು ಎನ್ನಬೇಕಿಲ್ಲ, ನಾಚಿಕೆಯ ಮಗು ಎಂದು ಹೆಸರಿಡಬೇಕಿಲ್ಲ. ಆ ಮಗುವಿನ ಬೆರಳುಗಳನ್ನು ನೋಡಿದರೆ, ಎಷ್ಟೋ ಸಲ ಅವು ತಾಳ ಹಾಕುತ್ತಿರುತ್ತವೆ.