ಮನೆಯಿಂದ ಹೊರಹೋದದ್ದೆಲ್ಲ ತ್ಯಾಗವೇ?

ಭಾದ್ರಪದ ಮಾಸದ ದಶಲಕ್ಷಣ ಪರ್ವವು ಸಮೀಪಿಸುತ್ತಿದ್ದಂತೆ ಶ್ರಾವಕರ ಮನೆಗಳಲ್ಲಿ ಧೂಳು ಕೊಡವುವ ಕಾರ್ಯ ಆರಂಭವಾಗುತ್ತದೆ. ಅಟ್ಟದಿಂದ ಹಳೆಯ ಹಾಸಿಗೆಗಳು, ಕಪಾಟಿನಿಂದ ಉಡದೇ ಉಳಿದ ಸೀರೆಗಳು, ಅಡುಗೆಮನೆಯಿಂದ ಮುಚ್ಚಳ ಕಳೆದುಕೊಂಡ ಡಬ್ಬಿಗಳು ಹೊರಬರುತ್ತವೆ. ಕೆಲವು ಮನೆಗೆಲಸದವರಿಗೆ ಸೇರುತ್ತವೆ, ಕೆಲವು ರದ್ದಿಯವನ ಗಾಡಿಯನ್ನೇರುತ್ತವೆ, ಉಳಿದವು ಬೀದಿಯ ಕಸವಾಗುತ್ತವೆ. ಪರ್ವದ ಎಂಟನೆಯ ಧರ್ಮವಾದ ಉತ್ತಮ ತ್ಯಾಗದ ವಿಷಯವಾಗಿ ಪ್ರವಚನವನ್ನು ಕೇಳುವ ಗೃಹಸ್ಥನ ಮನಸ್ಸಿಗೆ ಆಗ ಒಂದು ಬಗೆಯ ಸಮಾಧಾನ ಉಂಟಾಗುವುದು ಸಹಜ. ಆದರೆ ಮನೆಯಿಂದ ಹೊರಹೋದದ್ದೆಲ್ಲವೂ ತ್ಯಾಗವೆನಿಸುವುದೇ? ಬಿಸಾಡುವುದಕ್ಕೂ ಬಿಡುವುದಕ್ಕೂ ಇರುವ ಅಂತರವೇನು? ಕಸದ ಸಮಸ್ಯೆಯು ಕೇವಲ ನಗರಸಭೆಯ ಸಮಸ್ಯೆಯಾಗಿರದೆ ಶ್ರಾವಕನ ವ್ರತಗಳಿಗೆ ಸಂಬಂಧಿಸಿದ ಸಮಸ್ಯೆಯೂ ಆಗಿರುವುದರಿಂದ ಈ ಪ್ರಶ್ನೆಯನ್ನು ವಿಚಾರಿಸಬೇಕಾಗಿದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ಅದನ್ನು ವಸ್ತುವಿನ ಸಂಖ್ಯೆಯಲ್ಲಿಡದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಇಟ್ಟಿದ್ದಾರೆ. ಇದರಿಂದ ಎರಡು ಸಂಗತಿಗಳು ಫಲಿಸುತ್ತವೆ. ಏನೂ ಇಲ್ಲದವನಲ್ಲಿಯೂ ಪರಿಗ್ರಹವಿರಬಹುದು ಎಂಬುದು ಒಂದು. ವಸ್ತು ಹೊರಟುಹೋದ ಮಾತ್ರಕ್ಕೆ ಪರಿಗ್ರಹವು ಹೊರಟುಹೋಗಲಾರದು ಎಂಬುದು ಇನ್ನೊಂದು. ಹಳೆಯ ಸೀರೆಗಳನ್ನು ಕೊಟ್ಟದ್ದು ಹೊಸ ಸೀರೆಗಳಿಗೆ ಸ್ಥಳ ಮಾಡುವುದಕ್ಕಾಗಿ ಎಂದಾದರೆ ಅಲ್ಲಿ ಕಪಾಟು ಖಾಲಿಯಾಯಿತೇ ಹೊರತು ಮೂರ್ಛೆ ಕಡಿಮೆಯಾಗಲಿಲ್ಲ. ಅಂಗಡಿಯಲ್ಲಿ ಹಳೆಯ ದಾಸ್ತಾನನ್ನು ರಿಯಾಯಿತಿ ದರದಲ್ಲಿ ತೆರವು ಮಾಡುವ ವರ್ತಕನನ್ನು ಯಾರೂ ತ್ಯಾಗಿಯೆಂದು ಕರೆಯುವುದಿಲ್ಲ. ಹಳತನ್ನು ಕೊಟ್ಟು ಹೊಸತನ್ನು ತರುವ ಗೃಹಸ್ಥನು ಮಾಡುವುದೂ ಅದೇ ವ್ಯವಹಾರವನ್ನೇ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ ಮತ್ತು ಉಪಭೋಗಗಳನ್ನು ಬೇರ್ಪಡಿಸಿ ಹೇಳಿರುವುದು ಇಲ್ಲಿ ಬಹಳ ಉಪಯುಕ್ತವಾಗಿದೆ. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಅನ್ನಪಾನಾದಿಗಳು ಭೋಗ. ವಸ್ತ್ರಾದಿಗಳಂತೆ ಮತ್ತೆ ಮತ್ತೆ ಬಳಕೆಗೆ ಬರುವಂಥವು ಉಪಭೋಗ. ಎರಡಕ್ಕೂ ಪರಿಮಾಣವನ್ನು ಇಟ್ಟುಕೊಳ್ಳಬೇಕೆಂಬುದು ವ್ರತ. ಇತ್ತೀಚಿನ ಕಾಲದಲ್ಲಿ ನಡೆದಿರುವುದೇನೆಂದರೆ, ಉಪಭೋಗದ ವಸ್ತುಗಳೆಲ್ಲ ಒಂದೊಂದಾಗಿ ಭೋಗದ ವಸ್ತುಗಳಾಗಿ ಮಾರ್ಪಟ್ಟಿವೆ. ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗಳಿಗೆ ಬರುತ್ತಿದ್ದ ಹಿತ್ತಾಳೆಯ ಲೋಟದ ಸ್ಥಾನದಲ್ಲಿ ಎರಡು ನಿಮಿಷ ಬಾಳುವ ಕಾಗದದ ಲೋಟ ಬಂದಿದೆ. ಆ ಕಾಗದದ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರವಿರುವುದರಿಂದ ಅದು ಸುಲಭವಾಗಿ ಮಣ್ಣಿನಲ್ಲಿಯೂ ಕರಗದು, ಮತ್ತೆ ಕಾಗದವೂ ಆಗದು. ನಾಲ್ಕು ನೂರು ಜನರ ಸಮಾರಂಭವೊಂದರಲ್ಲಿ ಒಬ್ಬೊಬ್ಬರು ಮೂರು ಲೋಟ ಬಳಸಿದರೆ ಒಂದೇ ಮಧ್ಯಾಹ್ನಕ್ಕೆ 1,200 ಲೋಟಗಳ ಕಸ. ನಾಲ್ಕು ನೂರು ಸ್ಟೀಲ್ ಲೋಟಗಳಾದರೋ ಅನೇಕ ವರ್ಷಗಳ ಸಮಾರಂಭಗಳಿಗೆ ಸಾಕಾಗುತ್ತವೆ.

ಬಿಸಾಡಿದ ವಸ್ತು ಕಣ್ಣಿಗೆ ಮರೆಯಾಗುತ್ತದೆ, ಲೋಕದಿಂದ ಮರೆಯಾಗುವುದಿಲ್ಲ. ಬೆಂಗಳೂರಿನ ಕಸವನ್ನು ಹೊತ್ತಿದ್ದ ಮಾವಳ್ಳಿಪುರದ ಘಟಕವು 2012ರಲ್ಲಿ ಮುಚ್ಚಿದಾಗ ಮಹಾನಗರದ ಬೀದಿಗಳಲ್ಲಿ ಕಸ ರಾಶಿಬಿದ್ದಿತು. ಮಂಡೂರಿನ ಗ್ರಾಮಸ್ಥರು ದೀರ್ಘಕಾಲ ಪ್ರತಿಭಟಿಸಿದ ಮೇಲೆ 2014ರ ಅಂತ್ಯದಲ್ಲಿ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ನಗರದ ಮನೆ ಶುಚಿಯಾದದ್ದು ಹಳ್ಳಿಯ ಗಾಳಿ ಮತ್ತು ನೀರು ಕೆಟ್ಟುದರಿಂದ ಎಂಬುದನ್ನು ಆ ಊರುಗಳು ತೋರಿಸಿಕೊಟ್ಟವು. ಮುನಿಗಳ ಐದು ಸಮಿತಿಗಳಲ್ಲಿ ವಸ್ತುವನ್ನು ಎತ್ತುವಾಗ ಇಡುವಾಗ ಜೀವಿಗಳನ್ನು ನೋಡಿಕೊಳ್ಳುವ ಆದಾನ ನಿಕ್ಷೇಪಣವೂ, ವಿಸರ್ಜಿಸುವ ಸ್ಥಳವನ್ನು ಪರೀಕ್ಷಿಸುವ ಉತ್ಸರ್ಗವೂ ಸೇರಿವೆ. ಮುನಿಗಳಷ್ಟು ಸೂಕ್ಷ್ಮವಾಗಿ ಗೃಹಸ್ಥನು ನಡೆಯಲಾರನು, ನಿಜ. ಆದರೆ ತಾನು ಬಿಸಾಡಿದ್ದು ಎಲ್ಲಿಗೆ ಹೋಗಿ ಬೀಳುವುದೆಂದು ಕೇಳಿಕೊಳ್ಳಲು ಮುನಿದೀಕ್ಷೆ ಬೇಕಾಗಿಲ್ಲ.

ಇಲ್ಲಿ ಧರ್ಮಭೀರುಗಳಾದ ಕೆಲವು ಶ್ರಾವಿಕೆಯರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಅದು ಉಪೇಕ್ಷಿಸತಕ್ಕ ಆಕ್ಷೇಪವಲ್ಲ. ಪಾತ್ರೆಗಳನ್ನು ತೊಳೆಯಲು ನೀರು ಬೇಕು. ನೀರಿನ ವ್ಯಯದಿಂದ ಜಲಕಾಯಿಕ ಜೀವಗಳ ಹಿಂಸೆ. ಎಂಜಲು ನಿಂತರೆ ತ್ರಸಜೀವಗಳ ಉತ್ಪತ್ತಿ. ಹೀಗಿರುವಾಗ ಒಮ್ಮೆ ಬಳಸಿ ಬಿಡುವ ತಟ್ಟೆಯೇ ಅಹಿಂಸೆಗೆ ಹತ್ತಿರವಲ್ಲವೇ? ಇದಕ್ಕೆ ಉತ್ತರವು ಕೃತ, ಕಾರಿತ, ಅನುಮೋದನೆ ಎಂಬ ಮೂರು ಪದಗಳಲ್ಲಿಯೇ ಇದೆ. ಒಮ್ಮೆ ಬಳಸುವ ತಟ್ಟೆಯನ್ನು ತಯಾರಿಸುವಲ್ಲಿಯೂ ನೀರು, ಬೆಂಕಿ, ಮರ, ಖನಿಜತೈಲಗಳ ವ್ಯಯವಿದೆ. ಆ ಆರಂಭವು ಕಾರ್ಖಾನೆಯಲ್ಲಿ ನಡೆಯುವುದರಿಂದ ಕೊಳ್ಳುವವನಿಗೆ ಕಾಣುವುದಿಲ್ಲ, ಅಷ್ಟೇ. ತಾನು ಮಾಡದಿದ್ದರೂ ಮಾಡಿಸಿದ ಮತ್ತು ಒಪ್ಪಿದ ಭಾಗ ಅವನಿಗೆ ತಪ್ಪದು. ಪಾತ್ರೆ ತೊಳೆಯುವ ಹಿಂಸೆಯಾದರೋ ಕಣ್ಣೆದುರಿನದು. ಎಂಜಲನ್ನು ಮೊದಲೇ ಬಳಿದು, ತಡಮಾಡದೆ, ಸೋಸಿದ ನೀರನ್ನು ಮಿತವಾಗಿ ಬಳಸಿ ತೊಳೆದರೆ ಅದನ್ನು ತಗ್ಗಿಸುವ ಅವಕಾಶ ಗೃಹಸ್ಥನ ಕೈಯಲ್ಲಿಯೇ ಇದೆ. ಇನ್ನು ನೀರಿನ ಅಭಾವವಿರುವ ಊರುಗಳಲ್ಲಿ ತಾನಾಗಿ ಕಳಚಿ ಬಿದ್ದ ಅಡಿಕೆ ಹಾಳೆಯ ತಟ್ಟೆ ಇದೆ, ಮುತ್ತುಗದ ಒಣ ಎಲೆ ಇದೆ. ಅವು ಮತ್ತೆ ಗೊಬ್ಬರವಾಗಿ ಮಣ್ಣನ್ನು ಸೇರುತ್ತವೆ.

ವಸ್ತುವನ್ನು ಪೂರ್ತಿಯಾಗಿ ಬಳಸುವುದು ಕನ್ನಡ ನಾಡಿನ ಗೃಹಿಣಿಯರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳು ಪದರಪದರವಾಗಿ ಸೇರಿ ಕೌದಿಯಾಗುತ್ತಿದ್ದವು. ಕೌದಿ ಹರಿದರೆ ಒರಸುವ ಬಟ್ಟೆಯಾಗುತ್ತಿತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು, ಕೊಡೆ ರಿಪೇರಿಯವನು, ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಒಂದು ಮನೆಯ ಮದುವೆಗೆ ಓಣಿಯ ಹತ್ತು ಮನೆಗಳ ಕೊಪ್ಪರಿಗೆ, ಹಂಡೆ, ಜಮಖಾನೆಗಳು ಬಂದು ಸೇರುತ್ತಿದ್ದವು; ಯಾರದು ಯಾವುದೆಂದು ತಿಳಿಯಲು ಪಾತ್ರೆಯ ಕಂಠದ ಮೇಲೆ ಹೆಸರು ಕೊರೆದಿರುತ್ತಿತ್ತು. ಆ ಹೆಸರು ಒಡೆತನದ ಗುರುತಾಗಿದ್ದಂತೆಯೇ ಎರವಲು ಕೊಡುವ ಸಿದ್ಧತೆಯ ಗುರುತೂ ಆಗಿತ್ತು. ಮನೆಬಿಟ್ಟು ಹೊರಗೆ ಹೋಗದ ಪಾತ್ರೆಗೆ ಹೆಸರೇಕೆ? ಇಂದು ಪ್ರತಿಯೊಂದು ಮನೆಯಲ್ಲಿಯೂ ವರ್ಷಕ್ಕೊಮ್ಮೆ ಬಳಕೆಯಾಗುವ ಏಣಿ, ದೊಡ್ಡ ಕುಕ್ಕರು, ಹೊಲಿಗೆ ಯಂತ್ರ, ಪ್ರವಾಸದ ಪೆಟ್ಟಿಗೆಗಳು ಪ್ರತ್ಯೇಕವಾಗಿ ನಿಂತಿವೆ. ಅನರ್ಥದಂಡ ವಿರತಿಯ ಅತಿಚಾರಗಳಲ್ಲಿ ಪ್ರಯೋಜನಕ್ಕೆ ಮೀರಿ ಉಪಭೋಗ ಸಾಮಗ್ರಿಯನ್ನು ಕೂಡಿಡುವುದೂ ಒಂದೆಂಬುದನ್ನು ಸ್ವಾಧ್ಯಾಯ ಮಾಡುವವರು ಬಲ್ಲರು.

ಕೊಡುವ ವಿಷಯದಲ್ಲಿಯೂ ವಿವೇಕ ಬೇಕು. ಅದೇ ಅನರ್ಥದಂಡದ ಭೇದಗಳಲ್ಲಿ ಹಿಂಸಾದಾನವೆಂಬುದಿದೆ. ಹಿಂಸೆಗೆ ಸಾಧನವಾಗುವ ವಸ್ತುವನ್ನು ಇನ್ನೊಬ್ಬರಿಗೆ ಕೊಡುವುದು ದಾನವಲ್ಲ, ದೋಷ. ಅವಧಿ ಮುಗಿದ ಮಾತ್ರೆಗಳನ್ನು ಔಷಧದಾನವೆಂದು ಡಬ್ಬಿಗೆ ಹಾಕುವುದು, ತಂತಿ ಬಿಟ್ಟುಕೊಂಡ ಇಸ್ತ್ರಿಪೆಟ್ಟಿಗೆಯನ್ನು ಬಡವರಿಗೆಂದು ಕೊಡುವುದು, ಹಳಸಿದ ಪ್ರಸಾದವನ್ನು ಆಹಾರದಾನವೆನ್ನುವುದು ಇವೆಲ್ಲ ಆ ದೋಷಕ್ಕೆ ಸಮೀಪವಾದವು. ಗುಂಡಿಯಿಲ್ಲದ ಅಂಗಿಯನ್ನು ಕೊಡುವವನು ಕಸವನ್ನು ಬಡವನ ಮನೆಗೆ ವರ್ಗಾಯಿಸಿದ್ದಾನೆಯೇ ಹೊರತು ವಸ್ತ್ರದಾನ ಮಾಡಿಲ್ಲ. ಗುಂಡಿ ಹಚ್ಚಿ, ಒಗೆದು, ಮಡಿಸಿ ಕೊಟ್ಟರೆ ಅದೇ ಅಂಗಿ ದಾನವಾಗುತ್ತದೆ. ಅಂತರವು ಹತ್ತು ನಿಮಿಷಗಳ ಶ್ರಮದಲ್ಲಿದೆ. ಆ ಶ್ರಮದಲ್ಲಿ ಪಡೆಯುವವನ ಬಗೆಗಿನ ಗೌರವವಿದೆ.

ಈ ಗೌರವದ ಪ್ರಶ್ನೆಯನ್ನು ಚೆನ್ನಾಗಿ ಅರಿತುಕೊಂಡಿರುವ ಸಂಸ್ಥೆ ಅಂಶು ಗುಪ್ತಾ ಅವರು 1999ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ಗೂಂಜ್. ನಗರದ ಮನೆಗಳ ಹೆಚ್ಚುವರಿ ಬಟ್ಟೆಯನ್ನು ಅದು ಹಳ್ಳಿಗಳಿಗೆ ಭಿಕ್ಷೆಯಾಗಿ ಹಂಚುವುದಿಲ್ಲ. ಗ್ರಾಮಸ್ಥರು ತಮ್ಮ ಊರಿನ ಬಾವಿ, ದಾರಿ, ಕೆರೆಗಳ ಕೆಲಸವನ್ನು ತಾವೇ ಆರಿಸಿ, ಕೂಡಿ ಮಾಡಿ, ಅದರ ಪ್ರತಿಫಲವಾಗಿ ಬಟ್ಟೆಯನ್ನು ಪಡೆಯುತ್ತಾರೆ. ಉಡಲು ಬಾರದ ಹತ್ತಿ ಬಟ್ಟೆಯೂ ಅಲ್ಲಿ ಶುದ್ಧವಾಗಿ ಸ್ತ್ರೀಯರ ತಿಂಗಳ ಬಳಕೆಗೆ ಒದಗುತ್ತದೆ. ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬ ಭಾವವನ್ನು ಅಳಿಸಿದರೆ ಹಳೆಯ ವಸ್ತುವೂ ಮಾನವನ್ನುಳಿಸುವ ಸಾಧನವಾಗಬಲ್ಲದು. ಪರಸ್ಪರ ವಿನಿಮಯದ ಹಿರಿಮೆ ಇರುವುದೂ ಇಲ್ಲಿಯೇ. ಈ ವರ್ಷ ಒಬ್ಬನ ಮಗನ ಪಠ್ಯಪುಸ್ತಕ ಇನ್ನೊಬ್ಬನ ಮಗಳಿಗೆ, ಇನ್ನೊಬ್ಬನ ತೊಟ್ಟಿಲು ಮತ್ತೊಬ್ಬನ ಕೂಸಿಗೆ ಸೇರಿದಾಗ ಅಲ್ಲಿ ದಾತನೂ ಇಲ್ಲ, ಯಾಚಕನೂ ಇಲ್ಲ. ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ಆಚಾರ್ಯರು ಹೇಳಿದ್ದು ಗೃಹಸ್ಥನ ಮನೆಬಾಗಿಲಿನಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ.

ವರ್ತಕ ಸಮಾಜದಲ್ಲಿ ಮತ್ತೊಂದು ಶಂಕೆ ಏಳುವುದುಂಟು. ಎಲ್ಲರೂ ಹಳತನ್ನೇ ಬಳಸಿದರೆ ವ್ಯಾಪಾರ ನಡೆಯುವುದು ಹೇಗೆ? ಅಂಗಡಿ, ಕಾರ್ಖಾನೆಗಳನ್ನು ನಂಬಿದ ಕುಟುಂಬಗಳ ಗತಿಯೇನು? ಶಂಕೆ ಅಪ್ರಾಮಾಣಿಕವಲ್ಲ. ಆದರೆ ವ್ರತವು ಗೃಹಸ್ಥನಿಗೆ ವ್ಯಾಪಾರವನ್ನು ನಿಷೇಧಿಸಿಲ್ಲ, ಮಿತಿಯಿಲ್ಲದಿರುವುದನ್ನು ನಿಷೇಧಿಸಿದೆ. ಬಾಳಿಕೆಯ ಮಾಲನ್ನು ಮಾರಿ, ಅದರ ಬಿಡಿಭಾಗಗಳನ್ನು ಇಟ್ಟು, ರಿಪೇರಿ ಮಾಡಿಕೊಡುವ ಅಂಗಡಿಯೂ ವ್ಯಾಪಾರವೇ. ದರ್ಜಿ, ಚಮ್ಮಾರ, ಕಲಾಯಿಗಾರ, ಬಡಗಿಗಳ ಕೈಗೆ ಸೇರುವ ಹಣವೂ ಊರಿನ ಆದಾಯವೇ. ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಬೆಲೆ ಸೊನ್ನೆಯಾದ ಮೇಜು ಅಂಗಡಿಯಲ್ಲಿ ಇನ್ನೂ ಇಪ್ಪತ್ತು ವರ್ಷ ನಿಂತಿರುವುದನ್ನು ಪ್ರತಿಯೊಬ್ಬ ವರ್ತಕನೂ ಬಲ್ಲನು. ಬೆಲೆ ಮುಗಿದಾಗ ಉಪಯೋಗ ಮುಗಿಯಿತೆಂದು ಅವನು ಅಂಗಡಿಯಲ್ಲಿ ಎಣಿಸುವುದಿಲ್ಲ. ಮನೆಯಲ್ಲಿ ಮಾತ್ರ ಹಾಗೆಣಿಸುವುದೇಕೆ?

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದ ಕಾರ್ಯ ಬಹಳಷ್ಟಿದೆ. ಪ್ರತಿ ಬಸದಿಯಲ್ಲಿ ಸಾಮೂಹಿಕ ಪಾತ್ರೆಗಳ ಉಗ್ರಾಣವೊಂದಿದ್ದು, ಸಾತ್ತ್ವಿಕ ಆಹಾರಕ್ಕಷ್ಟೇ ಬಳಸಬೇಕೆಂಬ ನಿಯಮದೊಡನೆ ಪಾತ್ರೆಗಳನ್ನು ಕೊಟ್ಟರೆ ಶುದ್ಧಿಯ ಚಿಂತೆಯೂ ಉಳಿಯದು. ಎಣಿಸಿ ಕೊಟ್ಟು ಎಣಿಸಿ ಪಡೆಯುವ ಪುಸ್ತಕ, ಸ್ವಲ್ಪ ಠೇವಣಿ, ಕಳೆದುದಕ್ಕೆ ಬೆಲೆ ಇವು ಇಲ್ಲದೆ ಇಂಥ ಉಗ್ರಾಣಗಳು ಎರಡು ವರ್ಷವೂ ಬಾಳವು. ಸದ್ಭಾವನೆಗೆ ಲೆಕ್ಕವು ಶತ್ರುವಲ್ಲ, ಕಾವಲುಗಾರ. ಗಾಲಿಕುರ್ಚಿ, ಊರುಗೋಲು, ರೋಗಿಯ ಮಂಚಗಳನ್ನು ಎರವಲು ಕೊಡುವ ವ್ಯವಸ್ಥೆ ಔಷಧದಾನದ ಅಂಗವೇ ಆಗುತ್ತದೆ. ಶಾಲೆಗಳು ತೆರೆಯುವ ಮುನ್ನ ಒಂದು ಭಾನುವಾರ ಪುಸ್ತಕ ಮತ್ತು ಸಮವಸ್ತ್ರಗಳ ವಿನಿಮಯವನ್ನು ಏರ್ಪಡಿಸಬಹುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಗ್ರಂಥಗಳು ಓದುವವರ ಕೈಯಿಂದ ಕೈಗೆ ಸಾಗಲೆಂದೇ ಹೊರಟವು, ಬೀರುವಿನೊಳಗೆ ಕುಳಿತಿರಲೆಂದಲ್ಲ. ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2023ರ ಮೇ ತಿಂಗಳಲ್ಲಿ ಹಳೆಯ ಬಟ್ಟೆ, ಪುಸ್ತಕ, ಆಟಿಕೆಗಳನ್ನು ಸಂಗ್ರಹಿಸುವ ಕೇಂದ್ರಗಳನ್ನು ನಗರಗಳಲ್ಲಿ ತೆರೆಯುವ ಅಭಿಯಾನ ನಡೆಸಿತು. ಸರ್ಕಾರವು ಕೆಲವು ವಾರಗಳ ಅಭಿಯಾನವಾಗಿ ಮಾಡಿದ್ದನ್ನು ಬಸದಿಯು ನಿತ್ಯದ ನಡವಳಿಕೆಯಾಗಿ ಮಾಡಬಲ್ಲದು.

ಪ್ರಭಾವನೆಯ ವಿಷಯದಲ್ಲಿಯೂ ಆಡಳಿತದವರು ಮನಸ್ಸು ಗಟ್ಟಿಮಾಡಬೇಕಾಗಿದೆ. ಪೂಜೆಯ ಕೊನೆಯಲ್ಲಿ ಹಂಚುವ ಪ್ಲಾಸ್ಟಿಕ್ ಬುಟ್ಟಿ, ಅಗ್ಗದ ಡಬ್ಬಿಗಳು ಆರು ತಿಂಗಳೊಳಗೆ ಕಸವಾಗುತ್ತವೆಂದು ಹಂಚುವವರೂ ಬಲ್ಲರು, ಪಡೆಯುವವರೂ ಬಲ್ಲರು. 2016ರಲ್ಲಿ ಕರ್ನಾಟಕ ಸರ್ಕಾರವೂ, 2022ರ ಜುಲೈ 1ರಿಂದ ಕೇಂದ್ರ ಸರ್ಕಾರವೂ ಒಮ್ಮೆ ಬಳಸುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿದವು. ಅಪರಿಗ್ರಹವನ್ನು ಬೋಧಿಸುವ ಸ್ಥಾನವು ಕಾನೂನಿನ ಭಯದಿಂದ ಎಚ್ಚರಗೊಳ್ಳುವಂತಾಗಬಾರದು.

ಕೊನೆಯದಾಗಿ ಒಂದು ಎಚ್ಚರಿಕೆ. ಹಂಚಿಕೊಳ್ಳುವುದೂ ಮೂರ್ಛೆಗೆ ಎಡೆಯಾಗಬಲ್ಲದು. ಉಗ್ರಾಣದ ಗೋಡೆಯ ಮೇಲೆ ಯಾರ ಹೆಸರು ಮೊದಲು ಎಂಬ ಜಗಳದಲ್ಲಿ ಪಾತ್ರೆಗಳು ಧೂಳು ತಿನ್ನುವಂತಾದರೆ ಒಬ್ಬನ ಮನೆಯಲ್ಲಿದ್ದ ಪರಿಗ್ರಹವು ಸಮಾಜದ ಮನೆಗೆ ಬಂದಂತಾಯಿತು. ದಶಧರ್ಮಗಳಲ್ಲಿ ತ್ಯಾಗದ ನಂತರ ಆಕಿಂಚನ್ಯವನ್ನು ಹೇಳಿರುವುದರ ಔಚಿತ್ಯ ಇದರಿಂದ ತಿಳಿಯುತ್ತದೆ. ಕೊಟ್ಟ ಮೇಲೆ ಕೊಟ್ಟೆನೆಂಬುದನ್ನೂ ಬಿಡಬೇಕು.

ಭಗವಾನ್ ಮಹಾವೀರರ ನಿರ್ವಾಣದ ದೀಪಾವಳಿಯಂದು ವರ್ತಕರು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವ ಪದ್ಧತಿ ಅನೇಕ ಕಡೆಗಳಲ್ಲಿದೆ. ಅಂದು ಮನೆಯ ದಾಸ್ತಾನನ್ನೂ ಎಣಿಸಿ, ಇಂತಿಷ್ಟು ವಸ್ತ್ರ, ಇಂತಿಷ್ಟು ಪಾತ್ರೆ ಎಂದು ಪರಿಮಾಣವನ್ನು ಬರೆದಿಟ್ಟು, ಮೀರಿದ್ದನ್ನು ಸುಸ್ಥಿತಿಯಲ್ಲಿ ಇನ್ನೊಬ್ಬರಿಗೆ ಸೇರಿಸಿ, ಖಾಲಿಯಾದ ಜಾಗವನ್ನು ಖಾಲಿಯಾಗಿಯೇ ಬಿಟ್ಟ ಗೃಹಸ್ಥನು ತ್ಯಾಗದ ಮೊದಲ ಮೆಟ್ಟಿಲನ್ನು ಏರಿದ್ದಾನೆ. ಮುಂದಿನ ದೀಪಾವಳಿಗೆ ಆ ಜಾಗವು ಹಾಗೆಯೇ ಇದ್ದರೆ ಎರಡನೆಯದನ್ನು.